ಥೈರಾಯ್ಡ್ ಫೈಲಿನಲ್ಲಿ ಬಾಯಿಗೆ ಜಾಗ ಇಲ್ಲ

ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಮೆಣಸಿನ ಸಾರು ಅಂದರೆ ಪ್ರಾಣ. ಹೋದ ವರ್ಷ ಇದ್ದಕ್ಕಿದ್ದಂತೆ ಬರೀ ಮೊಸರನ್ನಕ್ಕೆ ಇಳಿದರು. ಕೇಳಿದರೆ, "ಬಾಯಿಗೆ ಏನಿಟ್ಟರೂ ಉರಿಯತ್ತೆ ಕಣೋ" ಅಂದರು. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಎರಡೂ ಕೆನ್ನೆಯ ಒಳಗೆ ಬಿಳಿ ಗೆರೆಗಳು, ಥೇಟ್ ಕ್ರೋಶಾ ಹೆಣೆದ ಹಾಗೆ. ನಡುವೆ ಅಲ್ಲಲ್ಲಿ ಕೆಂಪಗೆ ಸುಲಿದಿತ್ತು.

ಹಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, "ಎಲೆ ಅಡಿಕೆ, ಹೊಗೆಸೊಪ್ಪು ಹಾಕ್ತೀರಾ?" ನಮ್ಮ ಕಡೆ ಬಾಯಲ್ಲಿ ಬಿಳಿ ಕಂಡರೆ ಮೊದಲ ಅನುಮಾನ ಅದೇ, ತಪ್ಪೇನಿಲ್ಲ. ಇಲ್ಲ ಅಂದ ಮೇಲೆ ಇನ್ನೊಂದು ಪ್ರಶ್ನೆ ಬಂತು: "ಥೈರಾಯ್ಡ್ ಇದೆಯಾ?" ಚಿಕ್ಕಮ್ಮ ನನ್ನ ಮುಖ ನೋಡಿದರು. ಹನ್ನೆರಡು ವರ್ಷದಿಂದ ಮಾತ್ರೆ ನುಂಗುತ್ತಿದ್ದಾರೆ. ಆದರೆ ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿಗೂ ಕೆನ್ನೆಗೂ ಎಲ್ಲಿಯ ನಂಟು?

ಚೂರು ತೆಗೆದು ಬಯಾಪ್ಸಿ ಮಾಡಿದಾಗ ಬಂದ ಹೆಸರು ಓರಲ್ ಲೈಕೆನ್ ಪ್ಲೇನಸ್. ಇಲ್ಲಿ ಬಿಳಿ ರಕ್ತಕಣಗಳು ಬಾಯಿಯ ಒಳಪದರದ ಕೆಳಗೆ ಸಾಲುಗಟ್ಟಿ ನಿಂತು, ಅದನ್ನೇ ಕಡಿಯುತ್ತವೆ. ಈಗ 1912ಕ್ಕೆ ಹೋಗಿ. ಜಪಾನಿನ ಹಕಾರು ಹಶಿಮೊಟೊ ನಾಲ್ವರು ಹೆಂಗಸರ ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡಿದ್ದೂ ಇಂಥದ್ದೇ ಮುತ್ತಿಗೆ. ಆ ಥೈರಾಯ್ಡ್ ಕಾಯಿಲೆಗೆ ಈಗ ಹಶಿಮೊಟೊ ಅಂತಲೇ ಹೆಸರು. ನಮ್ಮ ದೇಹವೇ ನಮ್ಮ ಗ್ರಂಥಿಯ ಮೇಲೆ ಬೀಳುತ್ತಿದೆ ಅಂತ ಗೊತ್ತಾಗಲು 1956ರವರೆಗೆ ಕಾಯಬೇಕಾಯಿತು. ಲೈಕೆನ್ ಪ್ಲೇನಸ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಹಾಗಂತ ಒಂದರಿಂದಲೇ ಇನ್ನೊಂದು ಹುಟ್ಟಿತು ಅಂತ ಅಲ್ಲ. ಒಂದೇ ಸೈನ್ಯ ಎರಡು ಊರಿಗೆ ನುಗ್ಗಿರಬಹುದು.

ಒಸಡಿನ ಕಥೆ ಇನ್ನೂ ತೊಡಕು. ಬ್ರಷ್ ಮಾಡುವಾಗ ಸಿಂಕಿನಲ್ಲಿ ಗುಲಾಬಿ ನೊರೆ ಕಂಡರೆ ನಾವು "ಜೋರಾಗಿ ತಿಕ್ಕಿಬಿಟ್ಟೆ" ಅಂದುಕೊಂಡು ನಲ್ಲಿ ತಿರುಗಿಸುತ್ತೇವೆ, ಅಲ್ವಾ? ಗಟ್ಟಿಯಾಗಿರುವ ಒಸಡು ಸುಮ್ನೆ ರಕ್ತ ಸುರಿಸುವುದಿಲ್ಲ. ವರ್ಷಗಟ್ಟಲೆ ಒಳಗೊಳಗೇ ಕೊಳೆಯುವ ಒಸಡಿನ ಉರಿಯೂತ ಬಾಯಿಯಲ್ಲೇ ಕೂರಲ್ಲ, ಅದರ ರಾಸಾಯನಿಕಗಳು ರಕ್ತಕ್ಕೂ ಸೇರುತ್ತವೆ. ಸಕ್ಕರೆ ಕಾಯಿಲೆಯ ಜೊತೆ ಅದರ ನಂಟು ಗಟ್ಟಿ. ರುಮಟಾಯ್ಡ್ ಕೀಲುನೋವಿನ ಜೊತೆಗೂ ಇದೆ. ಥೈರಾಯ್ಡ್ ಜೊತೆಗಿನ ಪುರಾವೆ ಅಷ್ಟು ಗಟ್ಟಿಯಿಲ್ಲ. ಆದ್ದರಿಂದ "ಎಣ್ಣೆ ಮುಕ್ಕಳಿಸಿ, ಥೈರಾಯ್ಡ್ ಮಾತ್ರೆ ಬಿಡಿ" ಅನ್ನುವವರ ವಿಡಿಯೋ ಕಂಡರೆ ನನಗೆ ಮೈ ಉರಿಯುತ್ತದೆ. ಮಾತ್ರೆ ಬಿಡಬೇಡಿ. ಒಸಡು ತೋರಿಸಿ, ಅದು ಒಸಡಿಗೋಸ್ಕರ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಹೆನ್ರಿ ಕಾಟನ್ ಅನ್ನೋ ಮಾನಸಿಕ ವೈದ್ಯ ಇದ್ದ. ಹುಚ್ಚಿಗೆ ಮೂಲ ಹಲ್ಲಿನ ಸೋಂಕು ಅಂತ ನಂಬಿ ರೋಗಿಗಳ ಹಲ್ಲು ಕೀಳಿಸಿದ. ಸಾಲದೆ ಟಾನ್ಸಿಲ್, ಕರುಳು! ಎಷ್ಟೋ ಜನ ಸತ್ತರು. ಬಾಯಿಗೂ ದೇಹಕ್ಕೂ ನಂಟಿದೆ ಅನ್ನುವ ಮಾತು ಅಲ್ಲಿಯವರೆಗೂ ಹೋಗಬಹುದು. ಹಾಗಂತ ಆ ಕಡೆ ತಿರುಗಿಯೂ ನೋಡದೆ ಇರುವುದೂ ಸರಿಯಲ್ಲ. ನನ್ನ ತಕರಾರು ಅದೇ.

ಥೈರಾಯ್ಡ್ ಮಾತ್ರೆ ಕಡಿಮೆ ಬಿದ್ದ ಹಾರ್ಮೋನು ತುಂಬಿಕೊಡುತ್ತದೆ, ಅಷ್ಟೇ. ಒಳಗಿನ ಜಗಳ ನಿಲ್ಲಿಸಲ್ಲ. ಥೈರಾಯ್ಡ್ ಹೇಗೆ ಕೆಲಸ ಮಾಡ್ತಿದೆ ಅಂತ ನೋಡುವ ರಕ್ತಪರೀಕ್ಷೆ, ಟಿಎಸ್‌ಎಚ್, ಸರಿಯಿದ್ದರೆ ಕ್ಲಿನಿಕ್ಕಿನಲ್ಲಿ ಎರಡು ನಿಮಿಷದ ಕೆಲಸ. ಬಾಯಿ ಒಣಗುತ್ತಾ, ಉರಿಯುತ್ತಾ ಅಂತ ಕೇಳೋಕೆ ಇನ್ನರ್ಧ ನಿಮಿಷ ಸಾಕು. ಬಾಯಿ, ಕಣ್ಣು ಎರಡೂ ಒಣಗುತ್ತಿದ್ದರೆ ಶೋಗ್ರೆನ್ ಅನ್ನೋ ಇನ್ನೊಂದು ಆಟೋಇಮ್ಯೂನ್ (ದೇಹ ತನ್ನ ಮೇಲೆ ತಾನೇ ಬೀಳುವ) ಕಾಯಿಲೆಯ ಅನುಮಾನ ಪಡಬೇಕು, ಅದೂ ಹಶಿಮೊಟೊ ಜೊತೆಗೆ ಬರುವುದುಂಟು.

ಚಿಕ್ಕಮ್ಮನಿಗೆ ಈಗ ಹಚ್ಚುವ ಸ್ಟೀರಾಯ್ಡ್ ಜೆಲ್ ಕೊಟ್ಟಿದ್ದಾರೆ. ಈ ಗಾಯ ಅಪರೂಪಕ್ಕೆ ಕ್ಯಾನ್ಸರ್ ಆಗುವುದರಿಂದ ಆಗಾಗ ತೋರಿಸುತ್ತಲೇ ಇರಬೇಕು. ಸಾರು ಮತ್ತೆ ಶುರುವಾಗಿದೆ, ಖಾರ ಅರ್ಧ. ಹಲ್ಲಿನ ಡಾಕ್ಟರ್ ಹತ್ತಿರ ಹೋಗುವಾಗ ಥೈರಾಯ್ಡ್ ರಿಪೋರ್ಟ್ ಬ್ಯಾಗಿನಲ್ಲಿ ಇರುತ್ತದೆ. ಥೈರಾಯ್ಡ್ ಡಾಕ್ಟರ್ ಮಾತ್ರ ಇನ್ನೂ "ಬಾಯಿ ತೆಗೀರಿ" ಅಂದಿಲ್ಲ.