ಬಹುಮತ ಎಣಿಸುವ ಜಾಗ

ನನಗಿಂತ ಮೊದಲು ಮಾತನಾಡಿದ ಹಿರಿಯರು ಅಮೆರಿಕದಂತೆ ನಮಗೂ, ಸದನದ ಬಹುಮತದ ಹಂಗಿಲ್ಲದೆ ಅಧ್ಯಕ್ಷ ನಿಗದಿತ ಅವಧಿ ಆಳುವ ಅಧ್ಯಕ್ಷೀಯ ಪದ್ಧತಿ ಬೇಕು ಎಂದಾಗ ಸಭೆಯಲ್ಲಿ ಬಹಳ ಜನ ತಲೆದೂಗಿದಿರಿ. ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಟ್ಟದ್ದನ್ನು ಕಂಡು ರೋಸಿಹೋದ ಕನ್ನಡಿಗರಿಗೆ ಹಾಗೆ ಅನ್ನಿಸುವುದು ಸಹಜ. ಆದರೂ ನಾನು ಒಪ್ಪಲಾರೆ.

1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಂವಿಧಾನ ರಚನಾ ಸಭೆಯ ಮುಂದಿಟ್ಟಾಗ ಅಂಬೇಡ್ಕರ್ ಇದನ್ನು ಬಿಡಿಸಿ ಹೇಳಿದ್ದರು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಹೊಣೆಗಾರಿಕೆ ಕಡಿಮೆ. ನಾವು ಆರಿಸಿಕೊಂಡ ಬ್ರಿಟನ್ನಿನ ಮಾದರಿಯಲ್ಲಿ ಹೊಣೆಗಾರಿಕೆ ಹೆಚ್ಚು, ಸ್ಥಿರತೆ ಕಡಿಮೆ. ಅಲ್ಲಿ ಲೆಕ್ಕ ಕೇಳುವುದು ಚುನಾವಣೆ ಬಂದಾಗ. ಇಲ್ಲಿ ಪ್ರಶ್ನೆ, ಕಲಾಪ ನಿಲ್ಲಿಸಿ ತುರ್ತು ವಿಷಯ ಚರ್ಚಿಸಲು ಕೋರುವ ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯಗಳ ಮೂಲಕ ದಿನದಿನವೂ ಕೇಳಬಹುದು. ಈ ದಿನದಿನದ ಲೆಕ್ಕವನ್ನು ನಾನು ಬಿಟ್ಟುಕೊಡಲಾರೆ.

ಎಲ್ಲಿ ಹೋದರೂ ನಾನು ಹೇಳುವ ಪ್ರಸಂಗ ಒಂದಿದೆ. ಕೇಳಿದವರು ಇನ್ನೊಮ್ಮೆ ಕೇಳಿ. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿ. 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲರ ಮೇಜು ತಲುಪಿದವು. ಎರಡೇ ದಿನಗಳಲ್ಲಿ ದೆಹಲಿಗೆ ವರದಿ ಹೋಯಿತು. ಮರುದಿನವೇ ಆ 19 ಮಂದಿಯಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ನಮ್ಮ ಸಹಿ ಪಡೆದರು ಎಂದು ಬರೆದುಕೊಟ್ಟರು. ಬೇಕಾದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆಯೋಣ, ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರು ಬೊಮ್ಮಾಯಿ. ಯಾರೂ ಕಿವಿಗೊಡಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಐದು ವರ್ಷ ಕಳೆದು, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ, ಅಷ್ಟರಲ್ಲಿ ಚುನಾವಣೆಯೇ ಆಗಿಹೋಗಿತ್ತು. ಆದರೆ ಈ ದೇಶದ ಪ್ರತಿಯೊಬ್ಬ ಮುಖ್ಯಮಂತ್ರಿಗೂ ಇಂದು ಆ ತೀರ್ಪಿನ ಕಾವಲಿದೆ. ನಮ್ಮ ವಿಧಾನಸೌಧದಿಂದ ಹೊರಟ ವ್ಯಾಜ್ಯ ಅದು ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಇನ್ನು ಅಮೆರಿಕ. 1868ರಲ್ಲಿ ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಅವರನ್ನು ಕೆಳಗಿಳಿಸಲು ಅಲ್ಲಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 35 ಮತ ಬಿದ್ದವು, ಅವರ ಪರ 19. ಬಹುಮತವೇ ವಿರುದ್ಧವಿದ್ದರೂ, ಬೇಕಾದ ಮೂರನೇ ಎರಡರಷ್ಟಕ್ಕೆ ಒಂದು ಮತ ಸಾಲದೆ ಅವರು ಉಳಿದರು. ನಮ್ಮಲ್ಲಿ 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರದ ಪರ 269, ವಿರುದ್ಧ 270. ಒಂದೇ ಮತ, ಅಂದೇ ರಾಜೀನಾಮೆ. ಅಸ್ಥಿರತೆ ಎನ್ನುತ್ತೀರಾ? ಅದೇ ವರ್ಷ ಜನರ ಬಳಿಗೆ ಹೋಗಿ ಬಹುಮತದೊಂದಿಗೆ ಮರಳಿದ ಅವರ ಸರ್ಕಾರ 2004ರವರೆಗೆ ನಡೆಯಿತು.

ಸಮಯವಾಯಿತೆಂದು ಚೀಟಿ ಬಂದಿದೆ. ಫ್ರಾನ್ಸಿನ ಮಿಶ್ರ ಪದ್ಧತಿಯ ಮಾತನ್ನು ಕೈಬಿಡುತ್ತೇನೆ. ಒಂದನ್ನು ಮಾತ್ರ ಹೇಳಲೇಬೇಕು. ದಿನದಿನದ ಲೆಕ್ಕ ಕೇಳಬೇಕಾದ ಸದಸ್ಯನ ಬಾಯಿಯನ್ನು 1985ರ ಪಕ್ಷಾಂತರ ನಿಷೇಧ ಕಾಯ್ದೆ ಕಟ್ಟಿಹಾಕಿದೆ. ಯಾವುದೇ ಮಸೂದೆಗೆ ವಿಪ್, ಅಂದರೆ ಹೀಗೇ ಮತ ಹಾಕು ಎಂಬ ಪಕ್ಷದ ಆದೇಶ, ಬಂದರೂ ಅವನು ಕೈ ಎತ್ತಲೇಬೇಕು. ವಿಶ್ವಾಸಮತ, ಹಣಕಾಸು ಮಸೂದೆಯಂಥ ಕೆಲವಕ್ಕೆ ಮಾತ್ರ ಈ ಕಟ್ಟು ಇರಲಿ ಎಂದು ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಪದ್ಧತಿ ಬದಲಿಸಲು ಹೊರಟವರು ಮೊದಲು ಇದನ್ನು ಮಾಡಿ ತೋರಿಸಲಿ.