ಪೆಟ್ಟಿಗೆ ಈಗ ಯಾರ ಕೈಲಿದೆ?

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡೋದು ಮನೆ ಸಾಮಾನು ಹಡಗಲ್ಲಿ ಹೊರದೇಶಕ್ಕೆ ಕಳಿಸೋದರ ಬಗ್ಗೆ. ಈಗ ಎಷ್ಟೋ ಮನೇಲಿ ಮಗನೋ ಮಗಳೋ ಆಸ್ಟ್ರೇಲಿಯಾಗೋ ಕೆನಡಾಗೋ ಹೊರಟಿರ್ತಾರೆ, ವೀಸಾ ಬಂತು ಟಿಕೆಟ್ ಆಯ್ತು, ಆಮೇಲೆ ಒಂದು ಸಂಜೆ ಹಾಲ್‌ನಲ್ಲಿ ನಿಂತು ಸುತ್ತ ನೋಡಿದ್ರೆ ಬೀರು, ಮಂಚ, ಪುಸ್ತಕ, ಪಾತ್ರೆ ಪಡಗ, ಮಕ್ಕಳ ಸೈಕಲ್, ಇದನ್ನೆಲ್ಲ ಏನಪ್ಪಾ ಮಾಡೋದು ಅನ್ಸುತ್ತೆ. 2022ರಲ್ಲಿ ನಾವು ಬಸವನಗುಡಿ ಮನೆ ಖಾಲಿ ಮಾಡಿ ಮೆಲ್ಬರ್ನ್‌ಗೆ ಹೊರಟಾಗ ನಾನೂ ಹಾಗೇ ನಿಂತಿದ್ದೆ. ಆಗ ಕಂಪನಿ ಆರಿಸೋದ್ರಲ್ಲಿ ಮಾಡಿದ ತಪ್ಪನ್ನ ಇವತ್ತು ಬಿಡಿಸಿ ಹೇಳ್ತೀನಿ, ಬೇರೆಯವರಿಗೆ ಹಾಗಾಗಬಾರದು ಅಂತ.

ಮೂರು ಕಡೆ ಕೊಟೇಶನ್ ಕೇಳಿದ್ವಿ. ಮೊದಲನೆಯವರು ಮನೆಗೇ ಬಂದ್ರು, ಸ್ವಲ್ಪ ವಯಸ್ಸಾದ ಸೂಪರ್‌ವೈಸರ್, ಕೈಲಿ ಟೇಪು, ಅಟ್ಟ ಹತ್ತಿ ನೋಡಿದ್ರು, ಮಂಚದ ಕೆಳಗೂ ಬಗ್ಗಿ ನೋಡಿದ್ರು, "ಹನ್ನೊಂದು ಸಿಬಿಎಂ ಆಗುತ್ತಮ್ಮಾ" ಅಂದ್ರು. ಎರಡನೆಯವರು ವಾಟ್ಸಾಪ್ ವಿಡಿಯೋದಲ್ಲಿ ಒಂದೊಂದೇ ರೂಮ್ ತೋರಿಸಿ ಅಂದು ಹತ್ತು ಅಂದ್ರು. ಮೂರನೆಯವರು ಫೋನಲ್ಲೇ, "ಎರಡು ಬೆಡ್‌ರೂಮ್ ಅಲ್ವಾ ಮೇಡಂ, ಏಳು ಸಿಬಿಎಂಗೆ ಮುಗಿದುಹೋಗುತ್ತೆ" ಅಂದ್ರು, ರೇಟೂ ಮೂವರಲ್ಲಿ ಎಲ್ಲರಿಗಿಂತ ಕಮ್ಮಿ. ನಾವು ಮೂರನೆಯವರಿಗೇ ಅಡ್ವಾನ್ಸ್ ಕೊಟ್ವಿ.

ಈ ಸಿಬಿಎಂ ಅಂದ್ರೆ ಕ್ಯೂಬಿಕ್ ಮೀಟರ್, ಅಂದ್ರೆ ಸಾಮಾನು ಎಷ್ಟು ಜಾಗ ಹಿಡಿಯುತ್ತೆ ಅನ್ನೋ ಲೆಕ್ಕ, ಹಡಗಲ್ಲಿ ಮನೆ ಸಾಮಾನಿಗೆ ದುಡ್ಡು ಕಟ್ಟೋದು ಹೆಚ್ಚಾಗಿ ಇದರ ಮೇಲೇ, ತೂಕದ ಮೇಲಲ್ಲ. ಒಂದು ಸಿಬಿಎಂ ಅಂದ್ರೆ ಸುಮಾರು 35 ಘನ ಅಡಿ. ನಮ್ಮ ಕಡೆ ಎಲ್ಲರ ಮನೇಲೂ ಇರೋ ಕಬ್ಬಿಣದ ಬೀರು ತಗೊಳ್ಳಿ, ಎತ್ತರ ಆರೂವರೆ ಅಡಿ, ಅಗಲ ಮೂರು, ಆಳ ಒಂದೂವರೆಗಿಂತ ಸ್ವಲ್ಪ ಜಾಸ್ತಿ, ಗುಣಿಸಿದ್ರೆ 31 ಘನ ಅಡಿ ಆಯ್ತು, ಅದಕ್ಕೆ ಬಬಲ್ ರ್‍ಯಾಪು ರಟ್ಟು ಸುತ್ತಿದ್ರೆ ಒಂದು ಸಿಬಿಎಂ ಅಲ್ಲೇ ಹೋಯ್ತು. ಈ ಲೆಕ್ಕ ನಾನು ಮೊದಲೇ ಮನೇಲಿ ಕೂತು ಮಾಡಿದ್ದಿದ್ರೆ ಏಳಕ್ಕೆ ಮುಗಿಯೋ ಸಂಸಾರ ನಮ್ಮದಲ್ಲ ಅಂತ ಗೊತ್ತಾಗ್ತಿತ್ತು. ಪ್ಯಾಕಿಂಗ್ ದಿನ ಅಳತೆ ಮಾಡಿದಾಗ ಹತ್ತೂವರೆ ಬಂತು, ಲಾರಿ ಬಾಗಿಲಲ್ಲಿ ನಿಂತಿದೆ, ಮನೆ ಓನರ್‌ಗೆ ಸಂಜೆ ಕೀ ಕೊಡಬೇಕು, ಆ ಹೊತ್ತಲ್ಲಿ ಬೇಡ ಅನ್ನೋಕಾಗುತ್ತಾ? ಜಾಸ್ತಿ ಬಂದ ಮೂರೂವರೆಗೂ ಅವರು ಕೇಳಿದಷ್ಟು ಕೊಟ್ವಿ. ಮನೆಗೆ ಬರದೆ, ಕೊನೇಪಕ್ಷ ವಿಡಿಯೋದಲ್ಲಾದ್ರೂ ನೋಡದೆ ರೇಟ್ ಹೇಳೋರನ್ನ ಅಲ್ಲೇ ಬಿಟ್ಟುಬಿಡಿ, ಎಷ್ಟೇ ನಯವಾಗಿ ಮಾತಾಡ್ಲಿ.

20 ಅಡಿ ಕಂಟೇನರ್ ಒಳಗೆ ಸುಮಾರು 33 ಸಿಬಿಎಂ ಜಾಗ ಇರುತ್ತೆ. ನಮ್ಮಂಥವರ ಹತ್ತು ಹನ್ನೊಂದಕ್ಕೆ ಪೂರ್ತಿ ಕಂಟೇನರ್ ಬೇಕಾಗಲ್ಲ, ಬೇರೆಯವರ ಸಾಮಾನಿನ ಜೊತೆ ಶೇರಿಂಗ್‌ನಲ್ಲಿ ಹೋಗುತ್ತೆ, ಅದಕ್ಕೆ ಎಲ್‌ಸಿಎಲ್ ಅಂತಾರೆ. ಖರ್ಚು ಕಮ್ಮಿ, ಆದ್ರೆ ಕಂಟೇನರ್ ತುಂಬೋವರೆಗೂ ಕಾಯಬೇಕು, ಮತ್ತೆ ದಾರೀಲಿ ಎಷ್ಟೋ ಕೈ ಬದಲಾಗುತ್ತೆ.

ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದಿರೋದೇ ಈ ಕೈಗಳ ವಿಷಯ. ಬೆಂಗಳೂರಿಗೆ ಸಮುದ್ರ ಇಲ್ಲ. ಮನೆಯಿಂದ ಹೊರಟ ಪೆಟ್ಟಿಗೆ ಮೊದಲು ಪ್ಯಾಕರ್ಸ್ ಗೋಡೌನ್‌ಗೆ, ಅಲ್ಲಿಂದ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋಗೆ, ಅಲ್ಲೇ ಕಸ್ಟಮ್ಸ್ ಆಗಿ ರೈಲಲ್ಲಿ ಚೆನ್ನೈ ಬಂದರಿಗೆ, ಚೆನ್ನೈಯಿಂದ ಕೊಲಂಬೋನೋ ಸಿಂಗಾಪುರನೋ ಅಲ್ಲಿ ಇನ್ನೊಂದು ಹಡಗಿಗೆ, ಆಮೇಲೆ ಮೆಲ್ಬರ್ನ್, ಮೆಲ್ಬರ್ನ್‌ನಲ್ಲಿ ಮತ್ತೊಂದು ಡಿಪೋದಲ್ಲಿ ಕಂಟೇನರ್ ಬಿಚ್ಚಿ ಯಾರದ್ದು ಯಾವುದು ಅಂತ ಬೇರೆ ಮಾಡಿ, ಕೊನೆಗೆ ನಿಮ್ಮ ಮನೆ. ಪ್ಯಾಕರ್ಸು, ಕಸ್ಟಮ್ಸ್ ಏಜೆಂಟು, ಎಲ್ಲರ ಸಾಮಾನು ಒಟ್ಟು ಮಾಡೋ ಕನ್ಸಾಲಿಡೇಟರು, ಹಡಗಿನ ಕಂಪನಿ, ಆ ಕಡೆ ಏಜೆಂಟು, ಇಷ್ಟು ಜನ. ನೀವು ಫೋನಲ್ಲಿ ಮಾತಾಡಿದವರು ಇದರಲ್ಲಿ ಮೊದಲನೇ ಕೈ ಮಾತ್ರ ಆಗಿರಬಹುದು. ಹಾಗಾಗಿ ಎಷ್ಟಾಗುತ್ತೆ ಅಂತ ಕೇಳೋದಕ್ಕಿಂತ ಮುಂಚೆ, ನನ್ನ ಪೆಟ್ಟಿಗೆ ಯಾವ ಯಾವ ಹಂತದಲ್ಲಿ ಯಾರ ಕೈಲಿರುತ್ತೆ, ಆ ಕಡೆ ನಿಮ್ಮ ಏಜೆಂಟ್ ಯಾರು, ಅವರ ಹೆಸರು ಅಡ್ರೆಸ್ ಬರೆದು ಕೊಡಿ ಅಂತ ಕೇಳಿ. ಒಳ್ಳೆ ಕಂಪನಿಯವರು ಒಂದೇ ಮೇಲ್‌ನಲ್ಲಿ ಕೊಡ್ತಾರೆ. "ಅದೆಲ್ಲ ನಾವು ನೋಡ್ಕೋತೀವಿ ಬಿಡಿ ಮೇಡಂ" ಅಂದ್ರೆ ನನಗಂತೂ ಈಗ ಹೆದರಿಕೆ ಆಗುತ್ತೆ.

ಯಾಕಂದ್ರೆ ನಮಗೆ ಆಗಿದ್ದೇ ಅದು. ಎರಡೂವರೆ ತಿಂಗಳಾದ್ಮೇಲೆ ಒಂದು ದಿನ ನಾವು ಹೆಸರೇ ಕೇಳಿರದ ಒಂದು ಕಂಪನಿಯಿಂದ ಮೇಲ್ ಬಂತು, ನಿಮ್ಮ ಸಾಮಾನು ಮೆಲ್ಬರ್ನ್‌ಗೆ ಬಂದಿದೆ, ಬಂದರಿನ ಚಾರ್ಜು, ಡಿಪೋದಲ್ಲಿ ಇಳಿಸಿದ ಚಾರ್ಜು, ಡಾಕ್ಯುಮೆಂಟ್ ಚಾರ್ಜು ಕಟ್ಟಿ, ಇಷ್ಟು ದಿನದೊಳಗೆ ಬಿಡಿಸಿಕೊಳ್ಳದಿದ್ರೆ ದಿನಕ್ಕಿಷ್ಟು ಅಂತ ಸ್ಟೋರೇಜ್ ಬೇರೆ ಅಂತ. ಬೆಂಗಳೂರಿಗೆ ಫೋನ್ ಮಾಡಿದ್ರೆ "ನಮ್ಮದು ಪೋರ್ಟ್‌ವರೆಗೆ ಮಾತ್ರ ಮೇಡಂ, ಕೊಟೇಶನ್ ನೋಡಿ" ಅಂದ್ರು. ತೆಗೆದು ನೋಡಿದ್ರೆ ನಿಜ, ಮೇಲೆ ಡೋರ್ ಟು ಪೋರ್ಟ್ ಅಂತಿದೆ, ಕೊನೇ ಸಾಲಲ್ಲಿ ಸಣ್ಣಕ್ಷರದಲ್ಲಿ ಡೆಸ್ಟಿನೇಶನ್ ಚಾರ್ಜಸ್ ಆಸ್ ಪರ್ ಆಕ್ಚುಯಲ್ಸ್ ಅಂತಿದೆ, ಅಂದ್ರೆ ಆ ಕಡೆ ಖರ್ಚು ಎಷ್ಟಾಗುತ್ತೋ ಅಷ್ಟು ನೀವೇ ಕಟ್ಟಬೇಕು ಅಂತ. ಈ ಆಸ್ ಪರ್ ಆಕ್ಚುಯಲ್ಸ್ ಅನ್ನೋದು ಎಲ್ಲೇ ಕಂಡ್ರೂ ಅಲ್ಲೇ ನಿಲ್ಲಿಸಿ, ಎಷ್ಟು ಅಂತ ಅಂಕಿ ಹಾಕಿಸಿ. ಎಲ್ಲ ಕಟ್ಟಿ ಕೂಡಿಸಿದಾಗ ಅಟ್ಟ ಹತ್ತಿ ನೋಡಿದ್ರಲ್ಲ ಆ ಹಿರಿಯರು, ಅವರು ಹೇಳಿದ ರೇಟಿಗಿಂತ ನಮ್ಮದೇ ಜಾಸ್ತಿಯಾಗಿತ್ತು, ಅವರದ್ದು ಮನೆ ಬಾಗಿಲಿಂದ ಮನೆ ಬಾಗಿಲಿಗೆ ಇತ್ತು.

ಇನ್ನೊಂದು, ಕಂಪನಿಗೆ ನೀವು ಹೋಗೋ ದೇಶದ ಕಾನೂನು ಗೊತ್ತಿರಬೇಕು. ಆಸ್ಟ್ರೇಲಿಯಾದಲ್ಲಿ 12 ತಿಂಗಳಿಗಿಂತ ಹೆಚ್ಚು ನೀವೇ ಇಟ್ಕೊಂಡು ಬಳಸಿದ ಮನೆ ಸಾಮಾನಿಗೆ ಸುಂಕ ಇಲ್ಲ, ಅದಕ್ಕೆ ಬಿ 534 ಅನ್ನೋ ಫಾರ್ಮ್ ತುಂಬಬೇಕು, ಇದು ಸುಲಭ. ಕಷ್ಟ ಇರೋದು ಬಯೋಸೆಕ್ಯೂರಿಟಿಯಲ್ಲಿ. ಮಣ್ಣು, ಬೀಜ, ಹುಲ್ಲು, ತೊಗಟೆ, ಹುಳ ಹಿಡಿದ ಮರ, ಇದ್ಯಾವುದೂ ಅವರಲ್ಲಿಗೆ ಹೋಗೋ ಹಾಗಿಲ್ಲ, ಅವರ ಬೇಸಾಯ ಅದರ ಮೇಲೇ ನಿಂತಿದೆ, ಅವರು ಕಟ್ಟುನಿಟ್ಟು ಮಾಡೋದ್ರಲ್ಲಿ ತಪ್ಪಿಲ್ಲ. ಹಣ್ಣಿನ ಪೆಟ್ಟಿಗೆ, ಮೊಟ್ಟೆ ರಟ್ಟು, ಒಣಹುಲ್ಲು ಹಾಕಿ ಪ್ಯಾಕ್ ಮಾಡಬಾರದು. ಮರದ ಕ್ರೇಟ್ ಆದ್ರೆ ಅದಕ್ಕೆ ಟ್ರೀಟ್‌ಮೆಂಟ್ ಆಗಿರಬೇಕು, ಬಿಸಿಯಲ್ಲಿ ಮಾಡೋದಾದ್ರೆ ಮರದ ಒಳಭಾಗ 56 ಡಿಗ್ರಿಗೆ ಬಂದು 30 ನಿಮಿಷ ಇರಬೇಕು, ತೆನೆ ಚಿತ್ರದ ಮುದ್ರೆ ಜೊತೆ ಎಚ್‌ಟಿ ಅಂತ ಒತ್ತಿರ್ತಾರೆ, ಕ್ರೇಟ್ ಮೇಲೆ ನೀವೇ ಹುಡುಕಿ ನೋಡಿ.

ನಮ್ಮ 23ನೇ ನಂಬರ್ ಪೆಟ್ಟಿಗೇಲಿ ತುರಿಮಣೆ, ಕಡಗೋಲು, ನಮ್ಮಮ್ಮ ಕೊಟ್ಟ ಬಿದಿರಿನ ಮೊರ ಇತ್ತು. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಆ ಹುಡುಗ ಬರೆದಿದ್ದು ಬರೀ ಕಿಚನ್ ಐಟಮ್ಸ್ ಅಂತ, ಇದೇನು ಮರದ್ದಾ, ತೊಳೆದಿದೀರಾ ಅಂತ ಒಂದು ಮಾತು ಕೇಳ್ಲಿಲ್ಲ. ಅಲ್ಲಿ ಪೆಟ್ಟಿಗೆ ಬಿಚ್ಚಿದ್ರು. ಏಜೆಂಟ್ ಫೋಟೋ ಕಳಿಸಿದ್ರು, ಮೊರ ಮಗುಚಿ ಇಟ್ಟಿದ್ದಾರೆ, ಅಂಚಿನ ಹೆಣಿಗೆ ಸಂದಿಯಲ್ಲಿ ಎರಡು ರಾಗಿ ಕಾಳು, ಅದರ ಪಕ್ಕ ಅಳತೆಗೆ ಒಂದು ಸ್ಕೇಲು. ಎಷ್ಟೋ ವರ್ಷ ಅಮ್ಮ ರಾಗಿ ಕೇರಿದ ಮೊರ ಅದು. ದುಡ್ಡು ಕೊಟ್ಟು ಟ್ರೀಟ್‌ಮೆಂಟ್ ಮಾಡಿಸ್ತೀರಾ, ವಾಪಸ್ ಕಳಿಸ್ತೀರಾ, ನಾಶ ಮಾಡೋಣವಾ ಅಂತ ಕೇಳಿದ್ರು, ನಾವು ನಾಶ ಮಾಡಿ ಅಂತ ಬರೆದು ಕೊಟ್ವಿ. ಬರೆದ ಮೇಲೆ ಅಮ್ಮನಿಗೆ ಹೇಳೋಕೆ ನನಗೆ ಒಂದು ವಾರ ಹಿಡೀತು. ಕಡಗೋಲು ತುರಿಮಣೆ ಪರೀಕ್ಷೆ ಆಗಿ ಬಂದವು, ಆ ಪರೀಕ್ಷೆಗೂ ಫೀಸು ಕಟ್ಟಿದ್ದು ನಾವೇ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಗಮನ ಕೊಟ್ಟು ಕೇಳಿ. ನೀವೇ ಪ್ಯಾಕ್ ಮಾಡಿದ ಪೆಟ್ಟಿಗೆ ಮೇಲೆ ಪಿಬಿಒ ಅಂತ ಬರೀತಾರೆ, ಪ್ಯಾಕ್ಡ್ ಬೈ ಓನರ್ ಅಂತ, ಅದರೊಳಗೆ ಏನಾದ್ರೂ ಒಡೆದ್ರೆ ಸಾಮಾನ್ಯವಾಗಿ ಕ್ಲೇಮ್ ಕೊಡಲ್ಲ. ಉಪ್ಪಿನಕಾಯಿ ಜಾಡಿಗಳನ್ನ ಸೀರೆ ಸುತ್ತಿ ನಾನೇ ಜೋಪಾನವಾಗಿ ಇಟ್ಟಿದ್ದೆ, ದೊಡ್ಡ ಜಾಡಿ ಎರಡು ಹೋಳಾಗಿ ಬಂತು, ಕ್ಲೇಮ್ ಸಿಗ್ಲಿಲ್ಲ. ಒಡೆಯೋ ವಸ್ತು ಎಲ್ಲ ಅವರ ಕೈಯಲ್ಲೇ ಪ್ಯಾಕ್ ಮಾಡಿಸಿ. ಆಮೇಲೆ ಪಾಲಿಸಿಯಲ್ಲಿ ಒಂದೆರಡು ವಸ್ತು ಹಾಳಾದ್ರೂ ಕೊಡೋ ಆಲ್ ರಿಸ್ಕ್ ಇದೆಯಾ, ಇಲ್ಲಾ ಎಲ್ಲ ಹೋದ್ರೆ ಮಾತ್ರ ಕೊಡೋ ಟೋಟಲ್ ಲಾಸ್ ಇದೆಯಾ, ಜನರಲ್ ಆವರೇಜ್ ಸೇರಿದೆಯಾ ಅಂತ ನೋಡಿ. ಈ ಜನರಲ್ ಆವರೇಜ್ ಅಂದ್ರೆ, ಹಡಗಿಗೆ ಅಪಾಯ ಬಂದಾಗ ಅದನ್ನ ಉಳಿಸೋಕೆ ಆದ ಖರ್ಚನ್ನ ಹಡಗಿನ ಮಾಲೀಕರೂ ಅದರಲ್ಲಿ ಸಾಮಾನು ಇಟ್ಟವರೂ ಎಲ್ಲ ಪಾಲು ಹಾಕ್ಕೊಂಡು ಕೊಡಬೇಕು ಅನ್ನೋ ಹಳೇ ಕಡಲ ಕಾನೂನು. 2021ರ ಮಾರ್ಚ್ 23ಕ್ಕೆ ಎವರ್ ಗಿವನ್ ಹಡಗು ಸೂಯೆಜ್ ಕಾಲುವೇಲಿ ಅಡ್ಡ ಸಿಕ್ಕಿಹಾಕ್ಕೊಂಡಿದ್ದು ನೆನಪಿರಬೇಕು, ಆರು ದಿನಕ್ಕೆ ಬಿಡಿಸಿದ್ರು, ಆದ್ರೆ ಈಜಿಪ್ಟ್‌ನವರು ಜುಲೈ 7ರವರೆಗೂ ಹಡಗನ್ನ ಬಿಡಲಿಲ್ಲ, ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದ್ರು, ಅದರಲ್ಲಿ 18 ಸಾವಿರಕ್ಕೂ ಹೆಚ್ಚು ಕಂಟೇನರ್ ಇತ್ತು. ಸಾಮಾನಿಗೆ ಏನೂ ಆಗದಿದ್ರೂ ದುಡ್ಡು ಕಟ್ಟೋ ಪರಿಸ್ಥಿತಿ ಬರಬಹುದು, ಇನ್ಶೂರೆನ್ಸ್ ಇದ್ರೆ ಅವರು ಗ್ಯಾರಂಟಿ ಕೊಟ್ಟು ಬಿಡಿಸ್ತಾರೆ. ದೂರದ ಮಾತೂ ಅಲ್ಲ ಇದು, 2025ರ ಮೇ 25ಕ್ಕೆ ಕೊಚ್ಚಿ ಹತ್ರ ಎಂಎಸ್‌ಸಿ ಎಲ್ಸಾ 3 ಹಡಗು ಸುಮಾರು 640 ಕಂಟೇನರ್ ಸಮೇತ ಮುಳುಗಿತು, ಕೆಲವು ಕೊಲ್ಲಂ ಕಡೆ ದಡಕ್ಕೆ ತೇಲಿ ಬಂದವು.

ಹಡಗಿನವರೇ ಪೂರ್ತಿ ಬೆಲೆ ಕೊಡ್ತಾರಲ್ಲ ಅಂದ್ಕೋಬೇಡಿ. ಅಮೆರಿಕದಿಂದ ವಾಪಸ್ ಬರೋರಿಗೆ ಹೇಳ್ತೀನಿ, ಅಲ್ಲಿಯ 1936ರ ಕಾನೂನಿನ ಪ್ರಕಾರ ಬೆಲೆ ಮೊದಲೇ ಬರೆಸದಿದ್ರೆ ಒಂದು ಪ್ಯಾಕೇಜಿಗೆ 500 ಡಾಲರ್ ಮೇಲೆ ಅವರ ಹೊಣೆ ಇಲ್ಲ. ಅಲ್ಲಿ ಕಂಪನಿ ಆರಿಸೋವಾಗ ಹಡಗು ಸಾಗಣೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಫೆಡರಲ್ ಮ್ಯಾರಿಟೈಮ್ ಕಮಿಷನ್ನಿನ ಲೈಸೆನ್ಸ್ ಇದೆಯಾ ಅಂತ ಅವರ ವೆಬ್‌ಸೈಟಲ್ಲೇ ನೋಡಬಹುದು.

ನಮ್ಮ ದೇಶದ ಕಂಪನಿಗೆ ನಾನು ನೋಡೋದು ಇಷ್ಟು. ಮಲ್ಟಿಮೋಡಲ್ ಟ್ರಾನ್ಸ್‌ಪೋರ್ಟ್ ಆಪರೇಟರ್, ಅಂದ್ರೆ ಲಾರಿ ರೈಲು ಹಡಗು ಸೇರಿಸಿ ಒಂದೇ ಒಪ್ಪಂದದಲ್ಲಿ ಸಾಗಿಸೋರು ಅಂತ 1993ರ ಕಾನೂನಿನ ಕೆಳಗೆ ಡೈರೆಕ್ಟರ್ ಜನರಲ್ ಆಫ್ ಶಿಪ್ಪಿಂಗ್ ಹತ್ರ ರಿಜಿಸ್ಟರ್ ಆಗಿದ್ದಾರಾ, ಇಲ್ಲಾಂದ್ರೆ ಹಾಗೆ ಆಗಿರೋರ ಮೂಲಕ ಕಳಿಸ್ತಾರಾ. ಕೊಟ್ಟ ಜಿಎಸ್‌ಟಿ ನಂಬರ್ ಅದೇ ಹೆಸರಿಗಿದೆಯಾ, ಪೋರ್ಟಲ್‌ನಲ್ಲಿ ಒಂದು ನಿಮಿಷದ ಕೆಲಸ. ಎಫ್‌ಐಡಿಐ ಅಂತ 1950ರಿಂದ ಇರೋ ಅಂತಾರಾಷ್ಟ್ರೀಯ ಮೂವರ್ಸ್ ಒಕ್ಕೂಟ ಇದೆ, ಅದರ ಮೆಂಬರ್‌ಗಳಿಗೆ ಹೊರಗಿನವರು ಬಂದು ಆಡಿಟ್ ಮಾಡ್ತಾರೆ. ಲೋಗೋ ಯಾರು ಬೇಕಾದ್ರೂ ವಿಸಿಟಿಂಗ್ ಕಾರ್ಡ್ ಮೇಲೆ ಹಾಕ್ಕೋಬಹುದು, ಹಾಗಾಗಿ ಒಕ್ಕೂಟದ ಸೈಟಲ್ಲಿ ಊರಿನ ಹೆಸರು ಹಾಕಿ ಕಂಪನಿ ಹೆಸರು ಬರುತ್ತಾ ನೋಡಿ. ದುಡ್ಡು ಕಂಪನಿ ಅಕೌಂಟಿಗೇ ಹೋಗಬೇಕು, ಯಾರದ್ದೋ ಸ್ವಂತ ಫೋನ್ ನಂಬರಿಗೆ ಕಳಿಸಿ ಅಂದ್ರೆ ಕಳಿಸಬೇಡಿ, ಲಾರಿ ಬರೋಕೆ ಮುಂಚೆ ಪೂರ್ತಿ ದುಡ್ಡೂ ಕೊಡಬೇಡಿ. ಹಡಗು ಹೊರಟ ಮೇಲೆ ಬಿಲ್ ಆಫ್ ಲೇಡಿಂಗ್, ಅಂದ್ರೆ ಸಾಮಾನು ಸಾಗಿಸೋಕೆ ತಗೊಂಡಿದ್ದಕ್ಕೆ ಕೊಡೋ ರಸೀದಿ, ಅದರ ಕಾಪಿ, ಕಂಟೇನರ್ ನಂಬರ್ ಕೇಳಿ ಇಸ್ಕೊಳ್ಳಿ, ಆ ನಂಬರ್ ಇದ್ರೆ ಕಂಟೇನರ್ ಎಲ್ಲಿದೆ ಅಂತ ಹಡಗಿನ ಕಂಪನಿ ಸೈಟಲ್ಲಿ ನೀವೇ ನೋಡಬಹುದು.

ಹೋದ ವರ್ಷ ನನ್ನ ತಂಗಿ ಪರ್ತ್‌ಗೆ ಹೊರಟಳು. ಇಬ್ಬರೂ ಕೂತು ಇದನ್ನೆಲ್ಲ ಒಂದೊಂದಾಗಿ ಕೇಳಿದ್ವಿ, ಒಂದು ಕಂಪನಿ ಮಾತ್ರ ಎಲ್ಲದಕ್ಕೂ ಬರವಣಿಗೇಲಿ ಉತ್ತರ ಕೊಡ್ತು, ರೇಟ್ ಸ್ವಲ್ಪ ಜಾಸ್ತೀನೇ ಇತ್ತು, ಅದಕ್ಕೇ ಕೊಟ್ವಿ. ಪ್ಯಾಕಿಂಗ್‌ಗೆ ಬಂದ ಹುಡುಗ ಒಂದೊಂದು ವಸ್ತು ಕೈಲಿ ಹಿಡಿದು ಕೇಳಿ ಕೇಳಿ ಬರ್ಕೊಂಡ, ತುರಿಮಣೆ, ಮರ ಮತ್ತು ಕಬ್ಬಿಣ, ತೊಳೆದು ಒಣಗಿಸಿದ್ದು ಅಂತ, ಮಗುವಿನ ಸೈಕಲ್ ಚಕ್ರದ ಮಣ್ಣು ಹೋಗಿಲ್ಲಕ್ಕಾ, ಇನ್ನೊಂದ್ಸಲ ಬ್ರಷ್ ಹಾಕಿ ಅಂತ ವಾಪಸ್ ಕೊಟ್ಟ. ಫ್ರೀಮ್ಯಾಂಟಲ್ ಬಂದರಲ್ಲಿ ಇಳಿದು ಮನೆ ಸೇರಿದಾಗ ಮೊದಲು ಹೇಳಿದ ರೇಟಿಗಿಂತ ಒಂದು ಡಾಲರ್ ಜಾಸ್ತಿ ಕೇಳಲಿಲ್ಲ. ಮೊರ ಮಾತ್ರ ಅವಳು ಅಮ್ಮನ ಮನೇಲೇ ಬಿಟ್ಟು ಹೋಗಿದ್ದಾಳೆ, ಊರಿಗೆ ಬಂದಾಗ ಅಲ್ಲೇ ಕೂತು ಕೇರ್ತಾಳೆ.

ನಮಸ್ಕಾರ.