35ರಿಂದ ಗುಣಿಸಿ ನೋಡಿ

ನಮಸ್ಕಾರ ಎಲ್ಲರಿಗೂ. ಇವತ್ತು ನನ್ನ ಮೇಜಿನ ಮೇಲೆ ಒಂದು ಟಿ-55 ಟ್ಯಾಂಕ್ ಕೂತಿದೆ. 1/35 ಅಳತೆಯ ಮಾಡೆಲ್, ಅಂದರೆ ನಿಜವಾದ ಟ್ಯಾಂಕ್ ಇದರ 35 ಪಟ್ಟು ದೊಡ್ಡದು. ಇನ್ನೂ ಬಣ್ಣ ಹಚ್ಚಿಲ್ಲ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ, ನೋಡಿ. ಹಸಿರು ಪ್ಲಾಸ್ಟಿಕ್ ಎಲ್ಲಾ ಕಿಟ್ ಡಬ್ಬಿಯಲ್ಲಿ ಬಂದದ್ದು. ಅಲ್ಲಲ್ಲಿ ಬಿಳಿ ಕಾಣುತ್ತದೆ, ತಾಮ್ರ ಕಾಣುತ್ತದೆ, ಬೆಳ್ಳಿಯ ಹಾಗೆ ಹೊಳೆಯುವ ತಗಡು ಕಾಣುತ್ತದೆ. ಅದೆಲ್ಲ ಕೈಯಾರೆ ಮಾಡಿದ್ದು.

ಹೋದ ತಿಂಗಳು ಒಬ್ಬ ಹುಡುಗ ಕೇಳಿದ. "ಅಣ್ಣಾ, ಮೊದಲನೇ ಟ್ಯಾಂಕ್ ಕಿಟ್ ತಗೊಂಡಿದ್ದೀನಿ. ಜೊತೆಗೆ ಯಾವ ಫೋಟೋ-ಎಚ್ ಸೆಟ್ ತರಿಸಲಿ?" ಗೊತ್ತಿಲ್ಲದವರಿಗೆ ಹೇಳುತ್ತೇನೆ: ಫೋಟೋ-ಎಚ್ ಅಂದರೆ ತೆಳು ಹಿತ್ತಾಳೆ ಹಾಳೆಯಲ್ಲಿ ಆಸಿಡ್‌ನಿಂದ ಕೊರೆದ ಸಣ್ಣ ಸಣ್ಣ ಭಾಗಗಳು. ಕಿಟ್ ಕೊಂಡಮೇಲೆ ಬೇರೆಯಾಗಿ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. ನಾನು ಅವನಿಗೆ ಹೇಳಿದೆ, ಈಗಲೇ ಯಾವುದೂ ಬೇಡ ಕಣೋ. ಒಂದು ಖಾಲಿ ಕೂಲ್‌ಡ್ರಿಂಕ್ಸ್ ಕ್ಯಾನ್ ಇಟ್ಕೋ, ಒಂದು ಅಡಿ ಕರೆಂಟ್ ವೈರ್ ಇಟ್ಕೋ, ಆಮೇಲೆ ಮಾತಾಡೋಣ.

ಅವನಿಗೆ ಬೇಜಾರಾಯಿತು. ದುಡ್ಡು ಉಳಿಸಲಿ ಅಂತ ಹಾಗೆ ಹೇಳುತ್ತಿದ್ದೇನೆ ಅಂದುಕೊಂಡ. ವಿಷಯ ದುಡ್ಡಿನದ್ದಲ್ಲ.

ಮಾಡೆಲ್ ಚೆನ್ನಾಗಿ ಕಾಣುವುದು ಅದರ ಮೇಲೆ ಎಷ್ಟು ಭಾಗ ಅಂಟಿಸಿದ್ದೀರಿ ಅನ್ನುವುದರಿಂದ ಅಲ್ಲ. ಪ್ರತಿ ಭಾಗದ ದಪ್ಪ ಸರಿ ಇದೆಯಾ ಅನ್ನುವುದರಿಂದ. ಇದನ್ನು ನಾನು ತುಂಬಾ ಗಟ್ಟಿಯಾಗಿ ನಂಬುತ್ತೇನೆ. ನೂರು ಹೊಸ ಭಾಗ ಹಾಕಿ, ಮಡ್‌ಗಾರ್ಡ್ ಮಾತ್ರ ಕಿಟ್‌ನಲ್ಲಿ ಬಂದ ಹಾಗೆ ದಪ್ಪ ಬಿಟ್ಟರೆ, ನೋಡುವವರ ಕಣ್ಣಿಗೆ ಅದು ಆಟದ ಸಾಮಾನೇ. ಯಾಕೆ ಅಂತ ಅವರಿಗೆ ಹೇಳಲು ಬರುವುದಿಲ್ಲ, ಆದರೆ ಕಣ್ಣಿಗೆ ಗೊತ್ತಾಗಿರುತ್ತದೆ.

ಅದಕ್ಕೆ ನನ್ನ ಹತ್ತಿರ ಒಂದು ಸುಲಭದ ಲೆಕ್ಕ ಇದೆ. ಯಾವ ಭಾಗ ಕೈಗೆ ಬಂದರೂ ಅದರ ದಪ್ಪ ಅಳೆದು 35ರಿಂದ ಗುಣಿಸಿ.

ಈ ಮಡ್‌ಗಾರ್ಡನ್ನೇ ತಗೊಳ್ಳಿ. ಟಿ-55ಕ್ಕೆ ಎರಡೂ ಪಕ್ಕದಲ್ಲಿ ಚೈನಿನ ಮೇಲೆ ಉದ್ದಕ್ಕೆ ಮಡ್‌ಗಾರ್ಡ್ ಇದೆ. ವರ್ನಿಯರ್ ಇಟ್ಟು ನೋಡಿದರೆ ಕಿಟ್‌ನ ಪ್ಲಾಸ್ಟಿಕ್ ಸುಮಾರು 1 ಮಿಲಿಮೀಟರ್. 35ರಿಂದ ಗುಣಿಸಿದರೆ 35 ಮಿಲಿಮೀಟರ್. ನಿಜವಾದ ಟಿ-55ರ ತಳದಲ್ಲಿ ಹಾಕಿರುವ ಉಕ್ಕಿನ ತಟ್ಟೆಯೇ 20 ಮಿಲಿಮೀಟರ್! ಅಂದರೆ ಈ ಕಿಟ್ ಪ್ರಕಾರ ಕೆಸರು ತಡೆಯುವ ತಗಡು, ಟ್ಯಾಂಕಿನ ತಳಕ್ಕಿಂತ ದಪ್ಪ. ತಯಾರಕರ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಹರಿಯಬೇಕಾದರೆ ಅಷ್ಟು ಜಾಗ ಬೇಕೇ ಬೇಕು. ಅದು ಆ ವಸ್ತುವಿನ ಮಿತಿ.

ಈಗ ಕೂಲ್‌ಡ್ರಿಂಕ್ಸ್ ಕ್ಯಾನ್. ಮೇಲಿನ ಮುಚ್ಚಳ, ಕೆಳಗಿನ ತಳ ಎರಡೂ ಕತ್ತರಿಸಿ, ನಡುವಿನ ಹಾಳೆ ಬಿಡಿಸಿಕೊಳ್ಳಿ. ಅಂಚು ಬ್ಲೇಡಿನ ಹಾಗೆ ಇರುತ್ತದೆ, ಬೆರಳು ಜೋಪಾನ. ಅದರ ದಪ್ಪ ಸುಮಾರು 0.1 ಮಿಲಿಮೀಟರ್. ಗುಣಿಸಿ. ಮೂರೂವರೆ ಮಿಲಿಮೀಟರ್! ಮಡ್‌ಗಾರ್ಡ್ ತಗಡು ಇರಬೇಕಾದದ್ದೇ ಹಾಗೆ. ನಮ್ಮ ಮನೆ ಕಸದ ಬುಟ್ಟಿಯಲ್ಲೇ ಸರಿಯಾದ ಅಳತೆಯ ತಗಡು ಬಿದ್ದಿರುತ್ತದೆ ಅಂತ ಗೊತ್ತಾದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಮೊದಲು ಒಂದು ಕೆಲಸ ಮಾಡಿ. ಆ ಹಾಳೆಯನ್ನು ಗ್ಯಾಸ್ ಉರಿಯ ಮೇಲೆ, ದೂರದಿಂದ, ಇಕ್ಕಳದಲ್ಲಿ ಹಿಡಿದು ಸ್ವಲ್ಪ ಕಾಯಿಸಿ. ಕಿಟಕಿ ತೆರೆದಿರಲಿ, ಯಾಕೆಂದರೆ ಮೇಲಿನ ಬಣ್ಣ ಸುಟ್ಟು ವಾಸನೆ ಬರುತ್ತದೆ. ತಣ್ಣಗಾದಮೇಲೆ ತಗಡು ಮೆತ್ತಗಾಗಿರುತ್ತದೆ. ಆಗ ಕತ್ತರಿಸಿದ ಅಂಚನ್ನು ಬೆರಳಿನ ಉಗುರಿನಿಂದ ಒತ್ತಿದರೂ ನೆಗ್ಗುತ್ತದೆ. ಹೇಗೆ ನೆಗ್ಗುತ್ತದೆ ಅನ್ನುವುದನ್ನು ಗಮನಿಸಿ. ನಿಜವಾದ ಮಡ್‌ಗಾರ್ಡ್ ಮರಕ್ಕೆ ಉಜ್ಜಿದಾಗ ಹೇಗೆ ಮಡಚಿಕೊಳ್ಳುತ್ತದೋ ಹಾಗೇ. ಪ್ಲಾಸ್ಟಿಕ್ಕನ್ನು ಕೆರೆದು ಕೆರೆದು ಈ ನೆಗ್ಗು ತರಿಸಲು ಎಷ್ಟು ಒದ್ದಾಡಿದರೂ ಇಷ್ಟು ಸಹಜವಾಗಿ ಬರುವುದಿಲ್ಲ.

ಮಡಿಕೇರಿಗೆ ಹೋದರೆ ಸನ್ನಿ ಸೈಡ್‌ಗೆ ಹೋಗಿ ಬನ್ನಿ, ಜನರಲ್ ತಿಮ್ಮಯ್ಯನವರ ಮನೆ, ಈಗ ವಸ್ತುಸಂಗ್ರಹಾಲಯ. ಅಲ್ಲಿ ಒಂದು ಟಿ-55 ನಿಲ್ಲಿಸಿದ್ದಾರೆ. ಎಲ್ಲರೂ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಅದು ಸರಿಯೇ. ಆದರೆ ಮಾಡೆಲ್ ಮಾಡುವವರು ಪಕ್ಕಕ್ಕೆ ಹೋಗಿ, ಬಗ್ಗಿ, ಅಂಚುಗಳನ್ನು ನೋಡಿ. ದಪ್ಪ ಉಕ್ಕು ಎಲ್ಲಿ ಮುಗಿಯುತ್ತದೆ, ತೆಳು ತಗಡು ಎಲ್ಲಿ ಶುರುವಾಗುತ್ತದೆ ಅಂತ. ಟರೆಟ್, ಅಂದರೆ ಮೇಲೆ ತಿರುಗುವ ತಲೆ, ಎರಕ ಹೊಯ್ದದ್ದು, ಮೈಯೆಲ್ಲ ಒರಟು. ಹಲ್, ಅಂದರೆ ಕೆಳಗಿನ ಒಡಲು, ಮಾತ್ರ ಚಪ್ಪಟೆ ತಟ್ಟೆಗಳನ್ನು ವೆಲ್ಡ್ ಮಾಡಿದ್ದು. ಒಂದೇ ಗಾಡಿಯಲ್ಲಿ ಮೂರು ತರಹದ ಲೋಹ. ಕಿಟ್‌ನಲ್ಲಿ ಈ ಮೂರೂ ಒಂದೇ ಪ್ಲಾಸ್ಟಿಕ್ ಆಗಿ ಬರುತ್ತವೆ. ಅದನ್ನು ಮತ್ತೆ ಬೇರೆ ಬೇರೆ ಮಾಡುವುದೇ ನಮ್ಮ ಕೆಲಸ.

ಟರೆಟ್‌ಗೆ ನಾನು ಮಾಡುವುದು ಇಷ್ಟೇ. ದ್ರವದ ಪ್ಲಾಸ್ಟಿಕ್ ಸಿಮೆಂಟನ್ನು, ಅಂದರೆ ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ಅಂಟನ್ನು, ಸ್ವಲ್ಪ ಸ್ವಲ್ಪ ಜಾಗಕ್ಕೆ ಹಚ್ಚಿ, ಮೇಲ್ಮೈ ಮೆತ್ತಗಾದಾಗ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕುಕ್ಕುವುದು. ಉಜ್ಜಬಾರದು, ಕುಕ್ಕಬೇಕು. ಒಣಗಿದಮೇಲೆ ಸ್ಯಾಂಡ್‌ಪೇಪರ್‌ನಲ್ಲಿ ಹಗುರವಾಗಿ ಒಂದು ಸಲ ಸವರಿದರೆ ಸಾಕು. ವೆಲ್ಡ್ ಗೆರೆಗೆ ಸ್ಪ್ರೂ ಬೇಕು. ಸ್ಪ್ರೂ ಅಂದರೆ ಭಾಗಗಳು ಅಂಟಿಕೊಂಡು ಬರುವ ಆ ಪ್ಲಾಸ್ಟಿಕ್ ಕಡ್ಡಿ. ಮೇಣದ ಬತ್ತಿಯ ಮೇಲೆ ತಿರುಗಿಸುತ್ತಾ ಕಾಯಿಸಿ, ಮೆತ್ತಗಾದ ಕೂಡಲೇ ಉರಿಯಿಂದ ಆಚೆ ತಂದು ಎರಡೂ ಕಡೆ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಅದನ್ನು ಎರಡು ತಟ್ಟೆ ಸೇರುವ ಕಡೆ ಅಂಟಿಸಿ, ಸಿಮೆಂಟ್ ಹಚ್ಚಿ, ಬ್ಲೇಡಿನ ಮೊಂಡು ಅಂಚಿನಿಂದ ಒತ್ತೊತ್ತಾಗಿ ಗುರುತು ಮಾಡುತ್ತಾ ಹೋಗಿ. ತಾಳ್ಮೆ ಬೇಕು. ಒಂದು ಸಂಜೆಗೆ ಒಂದು ಗೆರೆ ಆದರೆ ಅದು ಒಳ್ಳೆ ಸಂಜೆ.

ಹಿಡಿಕೆಗಳ ವಿಷಯದಲ್ಲಿ ಫೋಟೋ-ಎಚ್ ಬಗ್ಗೆ ನನಗೆ ನಿಜವಾಗಿ ತಕರಾರಿದೆ. ಟಿ-55ರ ಟರೆಟ್ ಸುತ್ತ ಹಿಡಿಕೆಗಳಿವೆ. ಕಾಲಾಳು ಸೈನಿಕರು ಟ್ಯಾಂಕ್ ಮೇಲೆ ಕೂತು ಹೋಗುವಾಗ ಹಿಡಿದುಕೊಳ್ಳುವುದಕ್ಕೆ. ಅವು ಗುಂಡು ಸರಳು. ಹಿತ್ತಾಳೆ ಹಾಳೆಯಿಂದ ಕತ್ತರಿಸಿದ ಹಿಡಿಕೆ ಚಪ್ಪಟೆಯಾಗಿಯೇ ಇರುತ್ತದೆ, ಎಷ್ಟು ದುಡ್ಡು ಕೊಟ್ಟರೂ ಅದು ಗುಂಡಗಾಗುವುದಿಲ್ಲ. ಅರ್ಧ ಮಿಲಿಮೀಟರ್ ತಾಮ್ರದ ತಂತಿ ತಗೊಂಡು ಗುಣಿಸಿ. ಹದಿನೇಳೂವರೆ ಮಿಲಿಮೀಟರ್. ಒಬ್ಬ ಮನುಷ್ಯ ಗಟ್ಟಿಯಾಗಿ ಹಿಡಿಯುವ ಸರಳು. ಟರೆಟ್‌ಗೆ ಸಣ್ಣ ತೂತು ಕೊರೆದು, ತಂತಿಯ ಎರಡೂ ತುದಿ ಒಳಗೆ ಇಳಿಸಿ, ಒಂದು ಹನಿ ಫೆವಿಕ್ವಿಕ್. ಕೈ ತಾಗಿದರೂ ಬೀಳುವುದಿಲ್ಲ.

ಹಾಗೇ ಮುಂದೆ ಬಲಗಡೆ ಎರಡು ಹೆಡ್‌ಲೈಟ್ ಇವೆ. ಅವಕ್ಕೆ ಕರೆಂಟ್ ಎಲ್ಲಿಂದ ಬರಬೇಕು? ವೈರ್ ಇರಲೇಬೇಕಲ್ವಾ? ಕಿಟ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಬಲ ಮಡ್‌ಗಾರ್ಡ್ ಮೇಲಿನ ಡೀಸೆಲ್ ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವ ಪೈಪುಗಳೂ ಅಷ್ಟೇ. ಅದಕ್ಕೆ ಬೆಸುಗೆ ಸೀಸದ ತಂತಿ ತುಂಬಾ ಚೆನ್ನ, ಬಗ್ಗಿಸಿದ ಕಡೆ ಬಗ್ಗುತ್ತದೆ, ಮತ್ತೆ ಎದ್ದು ನಿಲ್ಲುವುದಿಲ್ಲ. ಕೆಲಸ ಆದಮೇಲೆ ಕೈ ತೊಳೆದುಕೊಳ್ಳಿ.

ಎಂಜಿನ್ ಮೇಲಿನ ಜಾಲರಿ ಮಾತ್ರ ಬೇರೆ. ಅದನ್ನು ಕೈಯಲ್ಲಿ ಮಾಡಲು ನಾನು ಹೇಳುವುದಿಲ್ಲ. ಅಲ್ಲಿ ಹಿತ್ತಾಳೆಯೇ ಬೇಕು. ಜಾಲರಿ ನಿಜವಾಗಿಯೂ ಚಪ್ಪಟೆ, ತೆಳು, ಒಂದೇ ಸಮ. ಆ ವಿಧಾನ ಅದಕ್ಕೇ ಹೇಳಿ ಮಾಡಿಸಿದ್ದು.

ಈಗ ಈ ಬ್ಯಾರಲ್ ನೋಡಿ. ಇಡೀ ಮಾಡೆಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇಲ್ಲಿದೆ. ಇದು 1971ರ ಯುದ್ಧದ ಭಾರತೀಯ ಟಿ-55. ಇದರ ಬಂದೂಕು 100 ಮಿಲಿಮೀಟರ್‌ನದು. ಬ್ಯಾರಲ್ ತುದಿಯಲ್ಲಿ ಒಂದು ಉಬ್ಬು ಕಾಣುತ್ತದಲ್ಲ, ಅದು ಹೊಗೆ ತೆಗೆಯುವ ಡಬ್ಬಿ. ಗುಂಡು ಹಾರಿದಮೇಲೆ ಹೊಗೆ ಹಿಂದಕ್ಕೆ ಟರೆಟ್‌ನೊಳಗೆ ನುಗ್ಗಿ ಒಳಗಿದ್ದವರಿಗೆ ಉಸಿರು ಕಟ್ಟದ ಹಾಗೆ ಅದು ನೋಡಿಕೊಳ್ಳುತ್ತದೆ. ಎದುರುಗಡೆ ಪಾಕಿಸ್ತಾನದ ಹತ್ತಿರ ಚೀನಾದ ಟೈಪ್-59 ಟ್ಯಾಂಕೂ ಇತ್ತು. ಅದು ಸೋವಿಯತ್ ಟಿ-54ರ ನಕಲು. ನಮ್ಮ ಟಿ-55 ಅದೇ ಟಿ-54ರ ಮುಂದಿನ ರೂಪ. ಅಂದರೆ ಎರಡೂ ಕಡೆಯ ಟ್ಯಾಂಕು ಹೆಚ್ಚುಕಡಿಮೆ ಅಣ್ಣತಮ್ಮಂದಿರು. ಅದೇ ಬೋಗುಣಿ ಮಗುಚಿದಂಥ ಟರೆಟ್, ಅದೇ ಐದು ಚಕ್ರ, ಮೊದಲನೇ ಮತ್ತು ಎರಡನೇ ಚಕ್ರದ ನಡುವೆ ಅದೇ ದೊಡ್ಡ ಸಂದು. ಧೂಳೆದ್ದಾಗ ದೂರದಿಂದ ಯಾರದ್ದು ಅಂತ ಹೇಗೆ ಹೇಳುವುದು? ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಿಬಿಡಬಹುದು.

ಅದಕ್ಕೆ ನಮ್ಮ ಸೇನೆ ಮಾಡಿದ ಉಪಾಯ ಇದು. ಬ್ಯಾರಲ್‌ನ ನಡುವೆ ಇನ್ನೊಂದು ಸುಳ್ಳು ಉಬ್ಬು ಕಟ್ಟಿದರು. ಅದು ಹೊಗೆ ತೆಗೆಯುವುದಿಲ್ಲ, ಏನೂ ಮಾಡುವುದಿಲ್ಲ. ಎರಡು ಉಬ್ಬು ಕಂಡರೆ ನಮ್ಮದು, ಅಷ್ಟೇ. ಆ ಯುದ್ಧದ ಕಪ್ಪುಬಿಳುಪು ಫೋಟೋಗಳಲ್ಲಿ ಭಾರತದ ಟಿ-55ಗಳನ್ನು ನೋಡಿ, ಬ್ಯಾರಲ್ ನಡುವೆ ಅದು ಕಾಣುತ್ತದೆ. ಮುಂದೆ ನಮ್ಮ ಟಿ-55ಗಳಿಗೆ 105 ಮಿಲಿಮೀಟರ್ ಬಂದೂಕು ಕೂರಿಸಿದರು, ಅವುಗಳ ಚಹರೆಯೇ ಬದಲಾಯಿತು. ಹಾಗಾಗಿ ಈ ಸುಳ್ಳು ಉಬ್ಬು 1971ರ ಗುರುತು.

ನನ್ನ ಕಿಟ್‌ನಲ್ಲಿ ಈ ಭಾಗ ಇರಲಿಲ್ಲ. ಮಾಡಿಕೊಳ್ಳಬೇಕಾಯಿತು. ಮೊದಲ ಸಲ ನಾನು ಬಿಳಿ ಪ್ಲಾಸ್ಟಿಕ್ ಶೀಟಿನಲ್ಲಿ ಎರಡು ಬಿಲ್ಲೆ ಕತ್ತರಿಸಿ, ಆಮೇಲೆ ನಡುವೆ ಬ್ಯಾರಲ್ ಹೋಗುವಷ್ಟು ತೂತು ಕೊರೆಯಲು ಹೋದೆ. ಎರಡೂ ಸೀಳಿದವು. ತೂತು ಮೊದಲು ಕೊರೆಯಬೇಕು, ಬಿಲ್ಲೆ ಆಮೇಲೆ ಕತ್ತರಿಸಬೇಕು. ಅಗಲವಾದ ಶೀಟು ಕೊರೆಯುವ ಒತ್ತಡ ತಡೆದುಕೊಳ್ಳುತ್ತದೆ, ಸಣ್ಣ ಬಿಲ್ಲೆ ತಡೆಯುವುದಿಲ್ಲ. ಎರಡನೇ ಸಲ ಹಾಗೇ ಮಾಡಿದೆ. ಬ್ಯಾರಲ್‌ಗೆ ಮಾಸ್ಕಿಂಗ್ ಟೇಪ್ ಸುತ್ತಿ ನೇರ ಗೆರೆ ಮಾಡಿಕೊಂಡು, ಬಿಲ್ಲೆಗಳನ್ನು ಆ ಗೆರೆಗೆ ಒತ್ತಿ ನಿಲ್ಲಿಸಿದೆ. ನಡುವಿನ ಜಾಗಕ್ಕೆ ಕಾಗದದ ಪಟ್ಟಿ ಸುತ್ತಿ, ಪ್ರತಿ ಸುತ್ತಿಗೂ ಫೆವಿಕ್ವಿಕ್ ಕುಡಿಸಿದೆ. ಕೊನೆಯ ಸುತ್ತು ಮಾತ್ರ ಕ್ಯಾನ್ ತಗಡು. ಇದು ಬೆಳ್ಳಿ ಬಣ್ಣದಲ್ಲಿ ಕಾಣುತ್ತಿರುವುದು ಅದೇ.

ಇದನ್ನು ನೋಡಿ ಒಬ್ಬ ಗೆಳೆಯರು ಹೇಳಿದರು, ಎರಡು ಪಟ್ಟಿ, ನಾಲ್ಕು ಬೋಲ್ಟ್ ಹಾಕು, ಇನ್ನೂ ಚೆನ್ನಾಗಿರುತ್ತೆ ಅಂತ. ನಾನು ಹಾಕಲಿಲ್ಲ. ನಾನು ನೋಡಿದ ಫೋಟೋಗಳಲ್ಲಿ ಬೋಲ್ಟ್ ಕಾಣುವುದಿಲ್ಲ. ಕಾಣದ್ದನ್ನು ಸುಮ್ನೆ ಅಲಂಕಾರಕ್ಕೆ ಅಂಟಿಸಿದರೆ ಅದು ನನ್ನ ಟ್ಯಾಂಕ್ ಆಗುತ್ತದೆ, ಆ ಸೈನಿಕರ ಟ್ಯಾಂಕ್ ಆಗುವುದಿಲ್ಲ. ಈ ಉಬ್ಬಿನ ಮೇಲೆ ಜೀವಗಳು ನಿಂತಿದ್ದವು. ಅದನ್ನು ಅಂದ ಮಾಡಲು ನನಗೆ ಮನಸ್ಸು ಬರಲಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಟರೆಟ್ ಹಿಂದೆ ಸುತ್ತಿಟ್ಟ ಟಾರ್ಪಾಲು ಎಂ-ಸೀಲ್‌ನಿಂದ ಮಾಡಿದ್ದು. ಎರಡೂ ಭಾಗ ಚೆನ್ನಾಗಿ ಕಲಸಿ, ಮೇಜಿಗೆ ಪೌಡರ್ ಉದುರಿಸಿ, ಚಪಾತಿ ಲಟ್ಟಿಸಿದ ಹಾಗೆ ತೆಳುವಾಗಿ ಲಟ್ಟಿಸಿ ಸುತ್ತುವುದು. ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಅದಕ್ಕೆ ಕಟ್ಟಿದ ಬೆಲ್ಟು ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿ. ಹಿಂದುಗಡೆ ಅಡ್ಡಕ್ಕೆ ಕಟ್ಟಿರುವ ಮರದ ದಿಮ್ಮಿ, ಕೆಸರಿನಲ್ಲಿ ಹೂತುಹೋದಾಗ ಚೈನಿನ ಕೆಳಗೆ ಕೊಡುವುದಕ್ಕೆ. ಕಿಟ್ ಅದನ್ನೂ ಪ್ಲಾಸ್ಟಿಕ್‌ನಲ್ಲಿ ಕೊಡುತ್ತದೆ. ನಮ್ಮ ಮನೆ ಮುಂದಿನ ದಾಸವಾಳದ ಒಣ ಕಡ್ಡಿಯ ತೊಗಟೆ ಎಷ್ಟು ಸಣ್ಣ ಸಣ್ಣ ಬಿರುಕಿನಿಂದ ಕೂಡಿರುತ್ತದೆ ಅಂದರೆ, ಗುಣಿಸಿ ನೋಡಿದರೂ ಮರವೇ. ನಾಲ್ಕು ದಿನ ಬಿಸಿಲಿಗೆ ಇಟ್ಟು ಆಮೇಲೆ ಕಟ್ಟಿದೆ, ಇಲ್ಲದಿದ್ದರೆ ಒಣಗಿ ಸೊರಗಿ ಕಟ್ಟು ಸಡಿಲವಾಗುತ್ತದೆ.

ಇನ್ನೊಂದು ಸಂಗತಿ. ಈ 1/35 ಅನ್ನುವ ಅಳತೆ ಬಂದದ್ದಾದರೂ ಹೇಗೆ ಗೊತ್ತಾ? 1960ರ ದಶಕದ ಶುರುವಿನಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಕೂರಬೇಕಿತ್ತು. ಅವು ಕೂರುವಷ್ಟು ದೊಡ್ಡದು ಮಾಡಿದಾಗ ಅಳತೆ ಹೆಚ್ಚುಕಡಿಮೆ 1/35 ಬಂತು. ಇವತ್ತು ಪ್ರಪಂಚದ ತುಂಬಾ ಟ್ಯಾಂಕ್ ಮಾಡೆಲ್ ಮಾಡುವವರು ಅದೇ ಅಳತೆ ಹಿಡಿದಿದ್ದಾರೆ. ನಾನೂ ದಿನಾ ಅದೇ 35ರಿಂದ ಗುಣಿಸುತ್ತಾ ಕೂತಿರುತ್ತೇನೆ.

ಆ ಹುಡುಗ ಮೊನ್ನೆ ಒಂದು ಫೋಟೋ ಕಳಿಸಿದ. ಒಂದೇ ಒಂದು ಮಡ್‌ಗಾರ್ಡ್, ಕ್ಯಾನ್ ತಗಡಿನದ್ದು. ಮುಂದಿನ ಮೂಲೆ ಸ್ವಲ್ಪ ಮಡಚಿಕೊಂಡಿದೆ. "ಅಣ್ಣಾ, ಇದು ಕೈ ಜಾರಿ ಬಗ್ಗಿದ್ದು, ಬೇಕೂಂತ ಮಾಡಿದ್ದಲ್ಲ, ನೇರ ಮಾಡಲಾ?" ಅಂತ ಕೇಳಿದ. ಹಾಗೇ ಬಿಡು ಅಂದೆ.

ನನ್ನದಕ್ಕೆ ನಾಳೆ ಪ್ರೈಮರ್ ಹೊಡೆಯಬೇಕು. ಹೊಡೆದರೆ ತಾಮ್ರ, ತಗಡು, ಬಿಳಿ ಪ್ಲಾಸ್ಟಿಕ್ ಎಲ್ಲಾ ಒಂದೇ ಬೂದು ಬಣ್ಣ. ಯಾವುದು ಡಬ್ಬಿಯಿಂದ ಬಂತು, ಯಾವುದು ಕೈಯಿಂದ ಬಂತು ಅಂತ ಆಮೇಲೆ ನನಗೇ ಹುಡುಕಬೇಕಾಗುತ್ತದೆ. ಅದಕ್ಕೇ ಇವತ್ತೇ ನಿಮಗೆ ತೋರಿಸಿದ್ದು. ಇನ್ನೊಂದು ಸಲ ನಿಧಾನವಾಗಿ ಸುತ್ತ ತಿರುಗಿಸುತ್ತೇನೆ, ನೋಡಿ.